ಒಲೆ ಬದಲಾಗಲಿ, ಹೊರೆ ಯಾರದು?

ನಮ್ಮ ರಾಜ್ಯದ ಹಲವು ಪಟ್ಟಣಗಳಲ್ಲಿ ರಸ್ತೆ ಅಗೆದು ಅನಿಲದ ಕೊಳವೆ ಹೂಳುವ ಕೆಲಸ ಭರದಿಂದ ನಡೆದಿದೆ. ಇನ್ನು ಸಿಲಿಂಡರಿಗೆ ಕಾಯಬೇಕಾಗಿಲ್ಲ, ನಲ್ಲಿಯಲ್ಲಿ ನೀರು ಬರುವಂತೆ ಒಲೆಗೆ ಗ್ಯಾಸು ತಾನೇ ಬರುತ್ತದೆ ಎಂದು ಜನರಿಗೆ ಹೇಳಲಾಗುತ್ತಿದೆ. ಇದೇ ಕಾಲದಲ್ಲಿ, ಹೆಚ್ಚುಕಡಿಮೆ ಪ್ರತಿಯೊಂದು ಮನೆಗೂ ಇಂಥ ಕೊಳವೆ ಎಳೆದು ಅರವತ್ತು ವರ್ಷ ಅದರಲ್ಲೇ ಬೇಯಿಸಿ ಉಂಡ ಹಾಲೆಂಡ್ ದೇಶ ತನ್ನ ಅತಿದೊಡ್ಡ ಅನಿಲದ ಗಣಿಯನ್ನು ಮುಚ್ಚಿ, ಮನೆಗಳನ್ನು ವಿದ್ಯುಚ್ಛಕ್ತಿಯ ಕಡೆಗೆ ತಿರುಗಿಸಲು ಹೆಣಗುತ್ತಿದೆ. ಒಬ್ಬರು ಇಳಿಯುತ್ತಿರುವ ಗಾಡಿಯನ್ನು ನಾವು ಓಡಿಹೋಗಿ ಹತ್ತುತ್ತಿದ್ದೇವೆ. ಹತ್ತುವ ಮುನ್ನ ಇಳಿಯುವವರನ್ನು ಒಂದು ಮಾತು ಕೇಳುವುದು ವಿವೇಕ.

ಅಡಿಗೆಮನೆಯ ಉರಿ ಮುಂದೆ ವಿದ್ಯುತ್ತಿನದಾಗಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಬದಲಾವಣೆಯ ಖರ್ಚನ್ನು ಹೊರುವವರು ಯಾರು, ಫಲ ಮೊದಲು ದೊರೆಯುವುದು ಯಾರಿಗೆ ಎಂಬ ಪ್ರಶ್ನೆಯನ್ನು ವಿಧಾನಸೌಧದಲ್ಲಾಗಲಿ ದೆಹಲಿಯಲ್ಲಾಗಲಿ ಗಟ್ಟಿಯಾಗಿ ಕೇಳುವವರು ಕಾಣುತ್ತಿಲ್ಲ. ಆದುದರಿಂದ ನಾವು ಕೇಳಬೇಕಾಗಿದೆ.

ಮೊದಲು ಹಾಲೆಂಡಿನ ಕಥೆಯನ್ನು ನೋಡೋಣ. ಆ ದೇಶದ ಉತ್ತರ ತುದಿಯಲ್ಲಿ ಗ್ರೋನಿಂಗೆನ್ ಎಂಬ ಪ್ರಾಂತವಿದೆ, ಬೇಸಾಯದ ನಾಡು. ಅಲ್ಲಿಯ ಸ್ಲೋಖ್ಟೆರೆನ್ ಎಂಬ ಹಳ್ಳಿಯ ಬಳಿ 1959ರಲ್ಲಿ ರೈತನೊಬ್ಬನ ಹೊಲದಲ್ಲಿ ಕೊರೆದಾಗ ನೈಸರ್ಗಿಕ ಅನಿಲ ಸಿಕ್ಕಿತು. ಅದು ಯೂರೋಪಿನಲ್ಲೇ ಅತಿ ದೊಡ್ಡ ನಿಕ್ಷೇಪವೆಂದು ಮುಂದೆ ತಿಳಿಯಿತು. 1963ರಲ್ಲಿ ಅನಿಲ ತೆಗೆಯುವ ಕೆಲಸ ಮೊದಲಾಯಿತು. ಶೆಲ್ ಮತ್ತು ಎಸ್ಸೋ ಎಂಬ ಎರಡು ತೈಲ ಕಂಪನಿಗಳು ಒಂದು ಕಡೆ, ಸರ್ಕಾರ ಇನ್ನೊಂದು ಕಡೆ, ಹೀಗೆ ಪಾಲುಗಾರಿಕೆಯಲ್ಲಿ ವ್ಯಾಪಾರ ನಡೆಯಿತು. ದೇಶಕ್ಕೆಲ್ಲ ಕೊಳವೆ ಎಳೆದರು. ಹತ್ತು ವರ್ಷ ತುಂಬುವುದರೊಳಗೆ ಬಹುಪಾಲು ಮನೆಗಳ ಕಲ್ಲಿದ್ದಲ ಒಲೆಗಳು ಮೂಲೆ ಸೇರಿದವು. ಸರ್ಕಾರ ಮನಸ್ಸು ಮಾಡಿದರೆ ಒಂದು ದೇಶದ ಒಲೆಗಳನ್ನೆಲ್ಲ ಎಷ್ಟು ಬೇಗ ಬದಲಾಯಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಆ ಬದಲಾವಣೆಯಲ್ಲಿ ಬೆಲೆ ತೆತ್ತವರು ಇಬ್ಬರು. ಮೊದಲನೆಯವರು ದಕ್ಷಿಣದ ಲಿಂಬುರ್ಗ್ ಪ್ರಾಂತದ ಕಲ್ಲಿದ್ದಲ ಗಣಿಯ ಕೂಲಿಗಳು. 1965ರ ಡಿಸೆಂಬರಿನಲ್ಲಿ ಅಂದಿನ ಅರ್ಥವ್ಯವಹಾರಗಳ ಮಂತ್ರಿ ಯೋಪ್ ಡೆನ್ ಆಯ್ಲ್ ಹೇರ್ಲೆನ್ ಪಟ್ಟಣಕ್ಕೆ ಹೋಗಿ ಗಣಿಗಳನ್ನು ಮುಚ್ಚುವುದಾಗಿ ಸಾರಿದರು. ಅವರು ಕಾರ್ಮಿಕ ಪಕ್ಷದವರೇ. ಬದಲಿ ಉದ್ಯೋಗ ಕೊಡುವ ಮಾತನ್ನೂ ಆಡಿದರು. 1974ರ ಹೊತ್ತಿಗೆ ಕೊನೆಯ ಗಣಿಯೂ ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಬದಲಿ ಉದ್ಯೋಗ ಎಲ್ಲರಿಗೂ ಸಿಗಲಿಲ್ಲ. ಆ ಪ್ರಾಂತ ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು.

ಎರಡನೆಯವರು ಗ್ರೋನಿಂಗೆನ್ನಿನ ಜನರೇ. ನೆಲದಡಿಯ ಅನಿಲವನ್ನು ಹೀರಿದಂತೆಲ್ಲ ಅದನ್ನು ಹಿಡಿದಿಟ್ಟಿದ್ದ ಕಲ್ಲಿನ ಪದರ ಕುಗ್ಗುತ್ತದೆ. ಮೇಲಿನ ನೆಲ ಕುಸಿಯುತ್ತದೆ, ನಡುಗುತ್ತದೆ. ಅಲ್ಲಿ ನೆಲ ನಡುಗಲು ತೊಡಗಿದ್ದು 1990ರ ದಶಕದಿಂದ. ಅನಿಲಕ್ಕೂ ನಡುಕಕ್ಕೂ ಸಂಬಂಧವಿಲ್ಲವೆಂದು ಬಹುಕಾಲ ವಾದಿಸಲಾಯಿತು. 2012ರ ಆಗಸ್ಟ್ 16ರಂದು ಹೌಸಿಂಗ ಎಂಬ ಹಳ್ಳಿಯ ಬಳಿ 3.6 ಪ್ರಮಾಣದ ಕಂಪನವಾಯಿತು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಕಂಪನ ನೆಲದ ಮೇಲ್ಪದರಕ್ಕೆ ಹತ್ತಿರದಲ್ಲೇ ಆಗುವುದರಿಂದಲೂ, ಮೇಲಿನ ಮಣ್ಣು ಮೆತ್ತಗಿರುವುದರಿಂದಲೂ ಹಳೆಯ ಇಟ್ಟಿಗೆ ಮನೆಗಳು ಬಿರುಕುಬಿಟ್ಟವು. ಗಣಿಗಳ ಮೇಲ್ವಿಚಾರಣೆಯ ಸರ್ಕಾರಿ ಇಲಾಖೆಯೇ 2013ರ ಜನವರಿಯಲ್ಲಿ, ಅನಿಲ ತೆಗೆಯುವುದನ್ನು ಆದಷ್ಟು ಬೇಗ ತಗ್ಗಿಸಿ ಎಂದು ಎಚ್ಚರಿಸಿತು. ಆ ವರ್ಷವೇ ತೆಗೆದ ಅನಿಲ 5,400 ಕೋಟಿ ಘನ ಮೀಟರಿಗೆ ಹತ್ತಿರ. ಹಿಂದಿನ ಎಷ್ಟೋ ವರ್ಷಗಳಿಗಿಂತ ಹೆಚ್ಚು!

ಕೊನೆಗೆ ಪಾರ್ಲಿಮೆಂಟು ವಿಚಾರಣಾ ಸಮಿತಿಯನ್ನು ನೇಮಿಸಿತು. 2023ರ ಫೆಬ್ರವರಿಯಲ್ಲಿ ಹೊರಬಂದ ವರದಿಯ ಪ್ರಕಾರ 1963ರಿಂದ ಸರ್ಕಾರದ ಬೊಕ್ಕಸಕ್ಕೆ ಬಂದದ್ದು ಸುಮಾರು 36,300 ಕೋಟಿ ಯೂರೋ. ಕಂಪನಿಗಳಿಗೆ ಹೋದದ್ದು ಸುಮಾರು 6,600 ಕೋಟಿ ಯೂರೋ. ಹಣದ ಲೆಕ್ಕದ ಮುಂದೆ ಗ್ರೋನಿಂಗೆನ್ನಿನ ಜನರ ಹಿತವನ್ನು ಕಡೆಗಣಿಸಲಾಯಿತು ಎಂದು ಸಮಿತಿ ಮುಚ್ಚುಮರೆಯಿಲ್ಲದೆ ಹೇಳಿತು. ಗೋಡೆ ಬಿರಿದ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನೂ ಅದು ದಾಖಲಿಸಿತು. 2023ರ ಅಕ್ಟೋಬರ್ 1ರಂದು ಅನಿಲ ತೆಗೆಯುವುದು ನಿಂತಿತು; 2024ರಲ್ಲಿ ಶಾಸನವನ್ನೇ ಮಾಡಿ ಶಾಶ್ವತವಾಗಿ ಮುಚ್ಚಿದರು.

ಈಗ ಅಲ್ಲಿಯ ಮನೆಗಳು ಏನು ಮಾಡಬೇಕು? ಚಳಿದೇಶವಾದ್ದರಿಂದ ಅವರಿಗೆ ಅನಿಲ ಬೇಕಾಗಿದ್ದುದು ಅಡಿಗೆಗಿಂತ ಹೆಚ್ಚಾಗಿ ಮನೆ ಬೆಚ್ಚಗಿಡಲು. ಅದಕ್ಕೆ ಬದಲು ಹೀಟ್ ಪಂಪ್ ಎಂಬ ಯಂತ್ರವಿದೆ. ನಮ್ಮ ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ತಳ್ಳುವಂತೆ, ಇದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಸೆಳೆದು ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟು ಕೊಟ್ಟರೆ ಮೂರು ಯೂನಿಟ್‌ನಷ್ಟು ಶಾಖ ಬರುತ್ತದೆ. ಯಂತ್ರ ಒಳ್ಳೆಯದೇ, ಬೆಲೆಯೂ ದೊಡ್ಡದೇ. 2018ರ ಜುಲೈಯಿಂದ ಅಲ್ಲಿ ಹೊಸ ಮನೆಗಳಿಗೆ ಅನಿಲದ ಸಂಪರ್ಕ ಕೊಡುವುದನ್ನು ನಿಲ್ಲಿಸಿದರು. 2030ರೊಳಗೆ 15 ಲಕ್ಷ ಹಳೆಯ ಮನೆಗಳನ್ನು ಬದಲಾಯಿಸುವುದಾಗಿ 2019ರಲ್ಲಿ ಸಾರಿದರು. ಹಳೆಯ ಯಂತ್ರ ಕೆಟ್ಟಾಗ ಹೀಟ್ ಪಂಪನ್ನೇ ಹಾಕಿಸಬೇಕೆಂಬ ನಿಯಮ 2026ರಿಂದ ಬರಬೇಕಾಗಿತ್ತು. 2024ರಲ್ಲಿ ಬಲಪಂಥೀಯರು ಸೇರಿದ ಕೂಟ ಅಧಿಕಾರಕ್ಕೆ ಬಂದು ಅದನ್ನು ಕೈಬಿಟ್ಟಿತು.

ಅನಿಲಕ್ಕೆ ಹೋಗುವಾಗ ಇಡೀ ದೇಶವನ್ನು ಸರ್ಕಾರ ಹತ್ತು ವರ್ಷದಲ್ಲಿ ಕೈಹಿಡಿದು ನಡೆಸಿತು, ಹೋದರೆ ಲಾಭವಿತ್ತು. ಅನಿಲದಿಂದ ಹೊರಬರುವಾಗ ಪ್ರತಿಯೊಂದು ಸಂಸಾರವೂ ತನ್ನ ಕೈಚೀಲ ನೋಡಿಕೊಳ್ಳಬೇಕಾಗಿದೆ. ಇದರ ಪರಿಣಾಮ ಏನೆಂದು ಊಹಿಸುವುದು ಕಷ್ಟವಲ್ಲ. ಹಣವಿದ್ದವನು, ಸ್ವಂತ ಮನೆಯಿದ್ದವನು ಮೊದಲು ಕೊಳವೆ ಬಿಟ್ಟು ಹೊರಡುತ್ತಾನೆ. ಕೊಳವೆಯ ಕಾವಲು, ದುರಸ್ತಿ, ಸಾಲದ ಬಡ್ಡಿ ಇವುಗಳ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ನೂರು ಮನೆಯವರು ಹಂಚಿಕೊಂಡು ಕೊಡುತ್ತಿದ್ದ ಖರ್ಚನ್ನು ಉಳಿದ ಐವತ್ತು ಮನೆಯವರು ಕೊಡಬೇಕು. ಆಮೇಲೆ ಇಪ್ಪತ್ತು ಮನೆಯವರು. ಕಟ್ಟಕಡೆಗೆ ಕೊಳವೆಯ ತುದಿಯಲ್ಲಿ ಉಳಿಯುವವನು ಬಾಡಿಗೆದಾರ, ಮುದುಕಿ, ದಿನಗೂಲಿಯವನು. ಅತಿ ಬಡವನೇ ಅತಿ ದುಬಾರಿ ಅನಿಲವನ್ನು ಉರಿಸುವಂತಾಗುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ಅನಿಲದ ಕೊಳವೆ ಬಂತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಈ ಎರಡು ಬೆನ್ನೆಲುಬುಗಳಿಂದ ಕವಲೊಡೆದು ಪಟ್ಟಣಗಳ ಬೀದಿಗೆ ಕೊಳವೆಗಳು ಇಳಿಯುತ್ತಿವೆ. ಗ್ರೋನಿಂಗೆನ್ನಿನಂಥ ಗಣಿ ನಮ್ಮಲ್ಲಿಲ್ಲ. ಭಾರತ ಉಪಯೋಗಿಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಪಾಲು ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ಸಿಲಿಂಡರಿನ ಗ್ಯಾಸಿನ ಪಾಡು ಇನ್ನೂ ಕಷ್ಟ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಮದು, ಅದೂ ಬಹುತೇಕ ಕೊಲ್ಲಿಯ ದೇಶಗಳಿಂದ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ ಅನಿಲದ ಬೆಲೆ ಹುಚ್ಚೆದ್ದು ಏರಿದ್ದನ್ನು ಓದುಗರು ಮರೆತಿರಲಾರರು. ಎಲ್ಲಿಯೋ ತೋಪು ಹಾರಿದರೆ ನಮ್ಮ ಮನೆಯ ಅನ್ನದ ಬೆಲೆ ಏರಬೇಕೆ?

ಹೊಗೆಯ ಮಾತೂ ಇದೆ. ಸೌದೆಯ ಒಲೆಯ ಮುಂದೆ ಕಣ್ಣು ಕಳೆದುಕೊಂಡ ತಾಯಂದಿರಿಗೆ ಗ್ಯಾಸು ವರವಾಗಿ ಬಂತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಇಂದಿಗೂ ಮಲೆನಾಡಿನ ಹಳ್ಳಿಗಳಲ್ಲಿ ಸೌದೆ ಒಲೆ ಆರಿಲ್ಲ. ಉಜ್ವಲಾ ಯೋಜನೆಯಲ್ಲಿ ಸಿಲಿಂಡರ್ ಪಡೆದ ಎಷ್ಟೋ ಮನೆಗಳು ಮರುಭರ್ತಿಗೆ ಹಣವಿಲ್ಲದೆ ಮತ್ತೆ ಪುಳ್ಳೆ ಆರಿಸುತ್ತಿವೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸಿಲಿಂಡರಿನ ಬೆಲೆಗೆ 50 ರೂಪಾಯಿ ಸೇರಿಸಿದಾಗ ಉಜ್ವಲಾ ಫಲಾನುಭವಿಗಳನ್ನೂ ಬಿಡಲಿಲ್ಲ. ಆದರೆ ಗ್ಯಾಸಿನ ಉರಿಯೂ ಪೂರಾ ನಿರ್ಮಲವಲ್ಲ. ಗಾಳಿಯಾಡದ ಅಡಿಗೆಮನೆಯಲ್ಲಿ ಅದು ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಗಾಳಿಯನ್ನು ತುಂಬುತ್ತದೆ. ಮಕ್ಕಳ ಉಬ್ಬಸಕ್ಕೆ ಅದು ಕೆಟ್ಟದ್ದು. ಕೊಳವೆಯಿಂದ ಸೋರುವ ಮೀಥೇನ್ ಭೂಮಿಯ ಕಾವೇರಿಸುವುದರಲ್ಲಿ ಇಂಗಾಲದ ಹೊಗೆಗಿಂತ ಎಷ್ಟೋ ಪಾಲು ಉಗ್ರವಾದುದು.

ವಿದ್ಯುತ್ತಿನ ಲೆಕ್ಕ ಹೀಗಿದೆ. 14.2 ಕಿಲೋ ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ. ಆದರೆ ಉರಿಯ ಶಾಖದಲ್ಲಿ ಅರ್ಧವೋ ಅದಕ್ಕೆ ತುಸು ಹೆಚ್ಚೋ ಪಾತ್ರೆಗೆ ಸೇರುತ್ತದೆ, ಉಳಿದುದು ಅಡಿಗೆ ಮಾಡುವವಳ ಮುಖಕ್ಕೆ. ಇಂಡಕ್ಷನ್ ಒಲೆಯಲ್ಲಿ ಪಾತ್ರೆಯೇ ಕಾಯುವುದರಿಂದ ಹತ್ತರಲ್ಲಿ ಎಂಟು ಪಾಲು ಪಾತ್ರೆಗೆ ಸೇರುತ್ತದೆ. ಎಂದರೆ ಒಂದು ಸಿಲಿಂಡರಿನ ಕೆಲಸವನ್ನು 120 ಯೂನಿಟ್ ಆಸುಪಾಸಿನಲ್ಲಿ ಮುಗಿಸಬಹುದು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 720 ರೂಪಾಯಿ. ಸಬ್ಸಿಡಿಯಿಲ್ಲದ ಸಿಲಿಂಡರಿಗೆ ಹೋಲಿಸಿದರೆ ಇದು ದುಬಾರಿಯಲ್ಲ.

ಹಾಗಾದರೆ ಜನ ಏಕೆ ಬದಲಾಯಿಸುತ್ತಿಲ್ಲ? ಜನ ಹಿಂದುಳಿದವರು, ಹೊಸದಕ್ಕೆ ಹೆದರುತ್ತಾರೆ ಎಂದು ಅಧಿಕಾರಿಗಳು ಉತ್ತರ ಕೊಟ್ಟಾರು. ಅದು ಸುಳ್ಳು. ಜನಕ್ಕೆ ಲೆಕ್ಕ ಬರುತ್ತದೆ. ಬಡವರ ಮನೆಯ ಪಾತ್ರೆ ಅಲ್ಯೂಮಿನಿಯಮ್ಮಿನದು; ಅದು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಮಣ್ಣಿನ ಗಡಿಗೆಯೂ ಕಾಯುವುದಿಲ್ಲ. ಒಲೆಯ ಜೊತೆಗೆ ತಳ ಸಮನಾಗಿರುವ ಕಬ್ಬಿಣದ ಅಥವಾ ಅದಕ್ಕೆ ಹೊಂದುವ ಸ್ಟೀಲಿನ ಪಾತ್ರೆಗಳನ್ನೂ ಕೊಳ್ಳಬೇಕು. ಜೋಳದ ರೊಟ್ಟಿಯನ್ನು ಕೆಂಡಕ್ಕೋ ಉರಿಗೋ ಹಿಡಿದು ಉಬ್ಬಿಸುವ ಮನೆಯಲ್ಲಿ ಅದೂ ಒಂದು ತೊಡಕೇ. ಒಂದು ಒಲೆಗೆ ಒಂದೂವರೆ, ಎರಡು ಕಿಲೋವಾಟ್ ವಿದ್ಯುತ್ತು ಬೇಕು. ಎರಡು ದೀಪಕ್ಕೆಂದು ತಂತಿ ಎಳೆದುಕೊಟ್ಟ ಜನತಾ ಮನೆಯ ವೈರಿಂಗು ಅದನ್ನು ತಾಳೀತೆ? ಊರಿನ ಟ್ರಾನ್ಸ್‌ಫಾರ್ಮರ್ ತಾಳೀತೆ? ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಮಲೆನಾಡಿನ ಹಳ್ಳಿಯಲ್ಲಿ ಆ ಎರಡು ಮೂರು ದಿನ ಉಪವಾಸವಿರಬೇಕೆ?

ಇದೆಲ್ಲಕ್ಕಿಂತ ವಿಚಿತ್ರವಾದ ತೊಡಕು ನಮ್ಮ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲೇ ಅಡಗಿದೆ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆ 200 ಯೂನಿಟ್ ಉಚಿತವೆಂದು ಹೆಸರಾಗಿದೆ. ಬಡ ಸಂಸಾರಗಳಿಗೆ ಅದರಿಂದ ಆಗಿರುವ ಉಪಕಾರವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ 2023ರ ಆದೇಶದಂತೆ ಉಚಿತವಾದದ್ದು ಎಲ್ಲರಿಗೂ 200 ಅಲ್ಲ. 2022-23ರಲ್ಲಿ ಆ ಮನೆ ಉರಿಸಿದ ಸರಾಸರಿ, ಅದರ ಮೇಲೆ ಶೇಕಡ 10. ತೀರ ಕಡಿಮೆ ಬಳಸುವವರಿಗೆ ಮುಂದೆ ತುಸು ಸಡಿಲಿಕೆ ದೊರೆಯಿತು. ಪಾಲು ಮೀರಿದರೆ ಮೀರಿದ್ದಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು.

ಒಂದು ಉದಾಹರಣೆ ನೋಡಿ. ಸಿಲಿಂಡರ್ ನಲವತ್ತು ದಿನ ಬರುವ ಸಂಸಾರ ಅಡಿಗೆಯನ್ನು ವಿದ್ಯುತ್ತಿಗೆ ಬದಲಾಯಿಸಿದರೆ ತಿಂಗಳಿಗೆ ಸುಮಾರು 90 ಯೂನಿಟ್ ಹೆಚ್ಚುತ್ತದೆ. ಹಿಂದೆ 60 ಉರಿಸುತ್ತಿದ್ದ ಮನೆ ಈಗ 150 ಉರಿಸುತ್ತದೆ. 66ಕ್ಕೆ ಮೇಲ್ಪಟ್ಟ 84 ಯೂನಿಟ್‌ಗೆ ಸುಮಾರು 500 ರೂಪಾಯಿ ಕಟ್ಟಬೇಕು. ಗ್ಯಾಸಿನ ಹಣ ಉಳಿಯುವುದರಿಂದ ಇವರು ಹೇಗೋ ಬಚಾವಾದಾರು, ಒಲೆ ಮತ್ತು ಪಾತ್ರೆಯ ಹಣ ಹೊಂದಿಸಿಕೊಂಡರೆ. ಆದರೆ ಫ್ಯಾನು, ಫ್ರಿಜ್ಜು ಇಟ್ಟುಕೊಂಡು 120 ಯೂನಿಟ್ ಉರಿಸುವ ಗುಮಾಸ್ತನ ಮನೆ 210ಕ್ಕೆ ಹೋಗುತ್ತದೆ. ಸೊನ್ನೆಯಿದ್ದ ಬಿಲ್ಲು ಒಮ್ಮೆಗೇ 1,200 ರೂಪಾಯಿ ದಾಟುತ್ತದೆ. ಒಂದು ಕೈಯಲ್ಲಿ ವಿದ್ಯುತ್ ಒಲೆ ಹಚ್ಚಿರೆಂದು ಬೋಧಿಸಿ, ಇನ್ನೊಂದು ಕೈಯಲ್ಲಿ ಹಚ್ಚಿದವನಿಗೆ ದಂಡ ಹಾಕುವ ಈ ವ್ಯವಸ್ಥೆಯನ್ನು ಮಂತ್ರಿಗಳು ಒಮ್ಮೆಯಾದರೂ ಕಾಗದದ ಮೇಲೆ ಕೂಡಿ ಕಳೆದು ನೋಡಿದ್ದಾರೆಯೇ?

ಅತ್ತ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಸಾರಿದ ಸೂರ್ಯಘರ್ ಯೋಜನೆಯಲ್ಲಿ ಮಹಡಿಯ ಮೇಲೆ ಸೌರಫಲಕ ಹಾಕಿಸಿದವರಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಸಹಾಯಧನ ಸಿಗಬೇಕಾದರೆ ಮೊದಲು ಸ್ವಂತ ಸೂರಿರಬೇಕು. ವಠಾರದ ಬಾಡಿಗೆದಾರನಿಗೆ ಸೂರೆಲ್ಲಿದೆ? ಬೊಕ್ಕಸದ ಹಣ ಸೂರಿದ್ದವನಿಗೆ, ಬಿಲ್ಲು ಸೂರಿಲ್ಲದವನಿಗೆ.

ವಿದ್ಯುತ್ತು ಶುದ್ಧವೆನ್ನುವಾಗಲೂ ಒಂದು ಎಚ್ಚರಿಕೆ ಬೇಕು. ಜಲ, ಗಾಳಿ, ಬಿಸಿಲು ಇವುಗಳಿಂದ ಬರುವ ಪಾಲು ಕರ್ನಾಟಕದಲ್ಲಿ ಇತರ ಹಲವು ರಾಜ್ಯಗಳಿಗಿಂತ ಹೆಚ್ಚು. ಆದರೆ ರಾತ್ರಿಯ ಅಡಿಗೆಯ ಹೊತ್ತಿಗೆ ಬಿಸಿಲಿರುವುದಿಲ್ಲ; ಆಗ ರಾಯಚೂರಿನ, ಬಳ್ಳಾರಿಯ ಕಲ್ಲಿದ್ದಲು ಉರಿಯಬೇಕು, ಇಲ್ಲವೆ ಶರಾವತಿಯ ನೀರು ಹರಿಯಬೇಕು. ಆ ನೀರಿನ ಬೆಲೆಯನ್ನು ತೆತ್ತವರು ನಮ್ಮ ಜಿಲ್ಲೆಯ ಜನರೇ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಊರುಗಳು, ತೋಟಗಳು, ದೇವಸ್ಥಾನಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟವರು ಕಾಡಿನಲ್ಲಿ ಚಿಮಣಿ ದೀಪ ಹಚ್ಚಿಕೊಂಡು ಬಾಳಿದರು. ಅರವತ್ತು ವರ್ಷ ಕಳೆದರೂ ಮುಳುಗಡೆಯ ಎಷ್ಟೋ ಸಂಸಾರಗಳ ಹಕ್ಕುಪತ್ರದ ವ್ಯಾಜ್ಯ ತೀರಿಲ್ಲ. ಪಾವಗಡದಲ್ಲಿ ಸೌರಸ್ಥಾವರಕ್ಕೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಎಷ್ಟೋ ಮೇಲು. ಭೂಮಿಯ ಒಡೆತನ ರೈತರಲ್ಲೇ ಉಳಿಯಿತು, ವರ್ಷ ವರ್ಷ ಬಾಡಿಗೆಯೂ ಬರುತ್ತದೆ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಹೀನನಿಗೆ ಯಾರು ಬಾಡಿಗೆ ಕೊಡುತ್ತಾರೆ? ಗ್ರೋನಿಂಗೆನ್ನಿನ ಬಿರುಕು ಗೋಡೆಯೂ ಲಿಂಗನಮಕ್ಕಿಯ ಮುಳುಗಿದ ಊರೂ ಹೇಳುವ ಮಾತು ಒಂದೇ: ನೆಲ ಕೊಟ್ಟವನನ್ನು ಮರೆತ ಶಕ್ತಿ, ಅನಿಲವಾದರೇನು ವಿದ್ಯುತ್ತಾದರೇನು, ಶುದ್ಧವಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಹೊಸ ಬೀದಿಗಳಿಗೆ ಕೊಳವೆ ಹೂಳುವ ಮುನ್ನ ಅದರ ಖರ್ಚು ಎಷ್ಟು, ಎಷ್ಟು ವರ್ಷದಲ್ಲಿ ಯಾರಿಂದ ವಸೂಲಾಗುತ್ತದೆ, ಅಷ್ಟೇ ಹಣದಲ್ಲಿ ಆ ಬೀದಿಯ ವಿದ್ಯುತ್ ತಂತಿಯನ್ನು ಬಲಪಡಿಸಿದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಸರ್ಕಾರ ಜನರ ಮುಂದಿಡಲಿ. ಗೃಹಜ್ಯೋತಿಯಲ್ಲಿ ಅಡಿಗೆಯ ವಿದ್ಯುತ್ತಿಗೆಂದು ಪ್ರತ್ಯೇಕ ಪಾಲನ್ನು ಸೇರಿಸಲಿ. 200ರ ಗೆರೆ ದಾಟಿದೊಡನೆ ಪೂರ್ತಿ ಬಿಲ್ಲು ಬೀಳುವ ನಿಯಮವನ್ನು ತೆಗೆಯಲಿ. ಒಲೆಯನ್ನೂ ಪಾತ್ರೆಯನ್ನೂ ಮಹಿಳಾ ಸಹಕಾರ ಸಂಘಗಳ ಮೂಲಕ ಕಂತಿನ ಮೇಲೆ ಕೊಡಲಿ. ಜನತಾ ಮನೆಗಳ ವೈರಿಂಗನ್ನು ಸರ್ಕಾರದ ಖರ್ಚಿನಲ್ಲಿ ಸರಿಪಡಿಸಲಿ. ಸೂರಿಲ್ಲದವರಿಗಾಗಿ ಶಾಲೆ, ಪಂಚಾಯ್ತಿ ಕಟ್ಟಡಗಳ ಮೇಲೆ ಸೌರಫಲಕ ಹಾಕಿ ಆ ವಿದ್ಯುತ್ತಿನ ಪಾಲನ್ನು ಅವರ ಲೆಕ್ಕಕ್ಕೆ ಜಮೆ ಮಾಡಲಿ. ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತಿ ಹೊಟ್ಟೆ ಹೊರೆಯುವ ಕೂಲಿಗಳಿಗೆ ಲಿಂಬುರ್ಗಿನ ಗಣಿ ಕೂಲಿಗಳ ಗತಿ ಬಾರದಂತೆ ಇಂದೇ ಬದಲಿ ಕೆಲಸದ ಯೋಜನೆ ಮಾಡಲಿ. ಮುಳುಗಡೆಯ ಸಂಸಾರಗಳಿಗೆ ಹಕ್ಕುಪತ್ರ ಕೊಡದೆ ಶರಾವತಿಯ ಹೆಸರಿನಲ್ಲಿ ಇನ್ನೊಂದು ಯೋಜನೆಯ ಮಾತೆತ್ತದಿರಲಿ.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಕೊಳವೆ ಹೂಳಲು ಹಣವಿದೆ, ಹಡಗಿನಲ್ಲಿ ಅನಿಲ ತರಿಸಲು ಹಣವಿದೆ, ಮಹಡಿ ಮನೆಗೆ ಸಹಾಯಧನ ಕೊಡಲು ಹಣವಿದೆ. ಕೂಲಿಯ ಅಡಿಗೆಮನೆಯ ಮಾತು ಬಂದೊಡನೆ ಬೊಕ್ಕಸ ಬರಿದಾಗುತ್ತದೆ. ಹಾಲೆಂಡಿನ ಬೊಕ್ಕಸಕ್ಕೆ ಅನಿಲದಿಂದ ಕೋಟಿಗಟ್ಟಲೆ ಹಣ ಹರಿದುಬಂದರೂ, ಬಿರುಕು ಗೋಡೆಯ ಮುದುಕಿಗೆ ಅದು ಸಕಾಲದಲ್ಲಿ ತಲುಪಲಿಲ್ಲ. ನಮ್ಮಲ್ಲಿ ಹೆಚ್ಚಿನ ಬೀದಿಗಳಲ್ಲಿ ಇನ್ನೂ ಕೊಳವೆ ಹೂಳಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಕಾಲ ಮೀರಿಲ್ಲ. ನಿಮ್ಮ ಬೀದಿಯಲ್ಲಿ ಗುಂಡಿ ತೋಡಲು ಬಂದಾಗ, ನಿಮ್ಮ ವಾರ್ಡಿನ ಸದಸ್ಯರು ಓಟು ಕೇಳಲು ಬಂದಾಗ, ಈ ಲೆಕ್ಕವನ್ನು ಕೇಳಿ. ಉತ್ತರ ಬರುವವರೆಗೂ ಬಿಡಬೇಡಿ.